ಜಿ6ಪಿಡಿ ಕಡಿಮೆ ಇದ್ದರೆ ಕೆಂಪು ರಕ್ತಕಣಕ್ಕೆ ಏನಾಗುತ್ತದೆ? ವಿಟಮಿನ್ ಸಿ ಮಾತ್ರೆಯಿಂದ ಸರಿಹೋಗುತ್ತದೆಯೇ?

ನೇತ್ರಾವತಿ ದಡ:
ಮಂಗಳೂರಿನಿಂದ ಬರೆಯುತ್ತಿದ್ದೇನೆ. ತಮ್ಮನಿಗೆ ವೈವಾಕ್ಸ್ ಮಲೇರಿಯಾ ಬಂದಿತ್ತು. ನಮ್ಮ ಊರಿನಲ್ಲಿ ಇದು ಅಪರೂಪದ ಸುದ್ದಿಯೇನಲ್ಲ. ಕ್ಲೋರೋಕ್ವಿನ್ ಕೊಟ್ಟು ಜ್ವರ ಇಳಿಸಿದ ವೈದ್ಯರು, ಯಕೃತ್ತಿನಲ್ಲಿ ಅಡಗಿ ಉಳಿಯುವ ಮಲೇರಿಯಾ ಪರಾವಲಂಬಿಯನ್ನು ಕೊಲ್ಲುವ ಪ್ರೈಮಾಕ್ವಿನ್ ಬರೆಯುವ ಮೊದಲು ಜಿ6ಪಿಡಿ (ಗ್ಲುಕೋಸ್-6-ಫಾಸ್ಫೇಟ್ ಡಿಹೈಡ್ರೋಜಿನೇಸ್) ಎಂಬ ಕಿಣ್ವದ ಪರೀಕ್ಷೆ ಮಾಡಿಸಿದರು. ಆ ಕಿಣ್ವ ಬಹಳ ಕಡಿಮೆ ಎಂದು ವರದಿ ಬಂತು. ಸದ್ಯಕ್ಕೆ ಆ ಮಾತ್ರೆಯನ್ನು ತಡೆಹಿಡಿದು, ಮುಟ್ಟಬಾರದ ಔಷಧಿಗಳ ಪಟ್ಟಿಯೊಂದನ್ನು ಕೈಗೆ ಕೊಟ್ಟಿದ್ದಾರೆ. ಈ ಕಿಣ್ವ ಇಲ್ಲದಿದ್ದರೆ ರಕ್ತಕಣ ಉತ್ಕರ್ಷಣ ಒತ್ತಡ ತಾಳಲಾರದೆ ಒಡೆಯುತ್ತದೆ ಎಂದಷ್ಟೇ ಹೇಳಿದರು. ಹೆಚ್ಚು ಕೇಳಲು ಹೊರಗೆ ಸಾಲು ನಿಂತಿತ್ತು. ನಮ್ಮ ಚಿಕ್ಕಪ್ಪನವರು ಇದಕ್ಕೆ ಆಗಲೇ ಪರಿಹಾರ ಕಂಡುಹಿಡಿದಿದ್ದಾರೆ: ಉತ್ಕರ್ಷಣ ಒತ್ತಡಕ್ಕೆ ಆಂಟಿಆಕ್ಸಿಡೆಂಟ್ ಮದ್ದು, ದಿನಕ್ಕೆರಡು ದೊಡ್ಡ ವಿಟಮಿನ್ ಸಿ ಮಾತ್ರೆ ನುಂಗಿಸಿ ಎನ್ನುತ್ತಾರೆ. ಇದು ಸರಿಯೇ? ಅಸಲಿಗೆ ಈ ಕಿಣ್ವ ಮಾಡುವ ಕೆಲಸವೇನು?

ಕಿಣ್ವದ ಮೇಷ್ಟ್ರು:
ಚಿಕ್ಕಪ್ಪನವರಿಗೆ ಮೊದಲು ತಿಳಿಸಿ, ಆ ದೊಡ್ಡ ಮಾತ್ರೆ ಬೇಡ. ಕಾರಣ ಹೇಳಲು ಸ್ವಲ್ಪ ಹಿಂದಿನಿಂದ ಬರಬೇಕು.

ಕೆಂಪು ರಕ್ತಕಣದ ಕೆಲಸ ಆಮ್ಲಜನಕ ಹೊರುವುದು. ಅದನ್ನು ಹಿಡಿದುಕೊಳ್ಳುವುದು ಹಿಮೋಗ್ಲೋಬಿನ್ನಿನೊಳಗಿನ ಕಬ್ಬಿಣ. ಬಿಟ್ಟುಕೊಡುವಾಗ ಆಗೊಮ್ಮೆ ಈಗೊಮ್ಮೆ ಕಬ್ಬಿಣದ ಒಂದು ಎಲೆಕ್ಟ್ರಾನ್ ಆಮ್ಲಜನಕದ ಜೊತೆಗೇ ಹೊರಟುಹೋಗುತ್ತದೆ. ಹಾಗೆ ಎಲೆಕ್ಟ್ರಾನ್ ಹೊತ್ತು ಹೊರಟ ಆಮ್ಲಜನಕವೇ ಸೂಪರ್‌ಆಕ್ಸೈಡ್. ಹಿಂದೆ ಉಳಿದದ್ದು ಆಮ್ಲಜನಕ ಹಿಡಿಯಲಾರದ ಕಂದು ಬಣ್ಣದ ಮೆಟ್‌ಹಿಮೋಗ್ಲೋಬಿನ್. ಯಾವ ಔಷಧಿ, ಯಾವ ಮಾಲಿನ್ಯದ ಸೋಂಕಿಲ್ಲದೆ ಸುಮ್ಮನೆ ಉಸಿರಾಡಿಕೊಂಡಿದ್ದರೂ ದಿನಕ್ಕೆ ಹಿಮೋಗ್ಲೋಬಿನ್ನಿನ ಶೇಕಡಾ 1ರಿಂದ 3ರಷ್ಟು ಪಾಲಿಗೆ ಇದು ನಡೆಯುತ್ತಲೇ ಇರುತ್ತದೆ.

ಸೂಪರ್‌ಆಕ್ಸೈಡನ್ನು ಮೊದಲು ಎದುರಿಸುವುದು ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವ. ದನದ ಕೆಂಪು ರಕ್ತಕಣಗಳಲ್ಲಿ ತಾಮ್ರವಿರುವ ಒಂದು ಪ್ರೋಟೀನ್ ಇದೆ ಎಂದು 1938ರಲ್ಲೇ ಗೊತ್ತಿತ್ತು. ಅದರ ಕೆಲಸವೇನೆಂದು ಯಾರಿಗೂ ತಿಳಿದಿರಲಿಲ್ಲ. 1969ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೋವಿಚ್, ಅದು ಸೂಪರ್‌ಆಕ್ಸೈಡನ್ನು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಬದಲಾಯಿಸುವ ಕಿಣ್ವ ಎಂದು ತೋರಿಸಿದರು. ಜೀವಕೋಶಗಳು ಇಂಥ ವಿಷವನ್ನು ಸದಾ ಹುಟ್ಟಿಸುತ್ತವೆ, ಅದಕ್ಕೆಂದೇ ಕಿಣ್ವವನ್ನೂ ಇಟ್ಟುಕೊಂಡಿವೆ ಎಂಬುದು ಅಲ್ಲಿಂದ ಗಟ್ಟಿಯಾಯಿತು.

ಆದರೆ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಸಾಧುವಲ್ಲ. ಬಿಡಿ ಕಬ್ಬಿಣ ಸಿಕ್ಕರೆ ಅದರಿಂದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ, ಅದು ಎದುರಿಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ವೈದ್ಯರು ಹೇಳಿದ ಉತ್ಕರ್ಷಣ ಒತ್ತಡ ಇದೇ. ಹಾಗಾಗಿ ಪೆರಾಕ್ಸೈಡನ್ನು ನೀರಾಗಿಸಲು ಮೂವರಿದ್ದಾರೆ: ಕೆಟಲೇಸ್, ಗ್ಲುಟಥಯೋನ್ ಪೆರಾಕ್ಸಿಡೇಸ್, ಪೆರಾಕ್ಸಿರೆಡಾಕ್ಸಿನ್. ನಡುವಿನದು ಗ್ಲುಟಥಯೋನನ್ನು ಬಳಸುತ್ತದೆ. ಮೂರೇ ಅಮೈನೋ ಆಮ್ಲಗಳ ಈ ಪುಟ್ಟ ಅಣು ತನ್ನ ಗಂಧಕದ ತುದಿಯಿಂದ ಎಲೆಕ್ಟ್ರಾನ್ ಕೊಟ್ಟು ಖಾಲಿಯಾಗುತ್ತದೆ. ಖಾಲಿಯಾದದ್ದನ್ನು ಮತ್ತೆ ತುಂಬಲು ಎಲೆಕ್ಟ್ರಾನ್ ಹೊತ್ತು ತರುವ ಅಣುವಾದ ಎನ್‌ಎಡಿಪಿಎಚ್ ಬೇಕು. ಆ ಎನ್‌ಎಡಿಪಿಎಚ್ ತಯಾರಿಸುವ ಮೊದಲ ಹೆಜ್ಜೆಯೇ ನಿಮ್ಮ ತಮ್ಮನಲ್ಲಿ ಕಡಿಮೆಯಿರುವ ಜಿ6ಪಿಡಿ.

ಬೇರೆ ಜೀವಕೋಶಗಳಿಗೆ ಎನ್‌ಎಡಿಪಿಎಚ್ ಪಡೆಯಲು ಇನ್ನೂ ಕೆಲವು ದಾರಿಗಳಿವೆ, ಮೈಟೋಕಾಂಡ್ರಿಯಾ ಇದೆ, ಕಿಣ್ವ ಸವೆದರೆ ಹೊಸದನ್ನು ಮಾಡಿಕೊಳ್ಳಲು ಕೋಶಕೇಂದ್ರವಿದೆ. ಕೆಂಪು ಕಣ ಮಾತ್ರ ಮೂಳೆಮಜ್ಜೆಯಿಂದ ಬುತ್ತಿ ಕಟ್ಟಿಕೊಂಡು ಹೊರಟ ಪ್ರಯಾಣಿಕ: ಸುಮಾರು 120 ದಿನಗಳ ದಾರಿ, ನಡುವೆ ಎಲ್ಲೂ ಒಲೆ ಹಚ್ಚುವಂತಿಲ್ಲ. ಆದ್ದರಿಂದಲೇ ಇಡೀ ದೇಹದ ಜೀವಕೋಶಗಳಲ್ಲಿ ಈ ದೋಷ ಇದ್ದರೂ ಒಡೆಯುವುದು ಕೆಂಪು ಕಣಗಳೇ.

ಪಿಯುಸಿ ಎರಡನೇ ವರ್ಷ:
ಸರ್, ಒಂದು ಸಂದೇಹ. ಕೆಟಲೇಸ್ ಪೆರಾಕ್ಸೈಡನ್ನು ನೇರವಾಗಿ ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ, ಅದಕ್ಕೆ ಎನ್‌ಎಡಿಪಿಎಚ್ ಬೇಕಿಲ್ಲ ಎಂದು ಓದಿದ್ದೇನೆ. ಕೆಂಪು ಕಣದಲ್ಲಿ ಕೆಟಲೇಸ್ ಬೇಕಾದಷ್ಟಿದೆಯಲ್ಲ. ಹಾಗಿದ್ದರೆ ಜಿ6ಪಿಡಿ ಕಡಿಮೆಯಾದರೆ ಏನು ಕಷ್ಟ?

ಕಿಣ್ವದ ಮೇಷ್ಟ್ರು:
ಒಳ್ಳೆಯ ಪ್ರಶ್ನೆ. ಪಾಠಪುಸ್ತಕದ ಸಮೀಕರಣವನ್ನಷ್ಟೇ ನೋಡಿದರೆ ಹಾಗೆಯೇ ಅನಿಸಬೇಕು.

ಮೊದಲನೆಯದು, ಕೆಟಲೇಸ್ ಕೆಲಸ ಮಾಡುತ್ತ ಮಾಡುತ್ತ ನಡುವೆ ಒಂದು ನಿಷ್ಕ್ರಿಯ ಸ್ಥಿತಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. 1984ರಲ್ಲಿ ಕಿರ್ಕ್‌ಮನ್ ಮತ್ತು ಗಯೆಟಾನಿ ತೋರಿಸಿದ ಹಾಗೆ ಕೆಟಲೇಸ್ ತನ್ನ ಮೈಗೆ ಎನ್‌ಎಡಿಪಿಎಚ್ ಅಂಟಿಸಿಕೊಂಡೇ ಇರುತ್ತದೆ. ಅದೇ ಅದನ್ನು ಆ ಸ್ಥಿತಿಯಿಂದ ಕಾಪಾಡುವುದು. ಅಂದರೆ ಜಿ6ಪಿಡಿ ಸೋತರೆ ಕೆಟಲೇಸೂ ನಿಧಾನವಾಗಿ ಸೋಲುತ್ತದೆ.

ಎರಡನೆಯದು, ಪೆರಾಕ್ಸೈಡ್ ತೀರಾ ಕಡಿಮೆ ಇರುವಾಗ ಅದನ್ನು ಹಿಡಿಯುವುದರಲ್ಲಿ ಪೆರಾಕ್ಸಿರೆಡಾಕ್ಸಿನ್ ಚುರುಕು. ಕೆಂಪು ಕಣದಲ್ಲಿ ಹಿಮೋಗ್ಲೋಬಿನ್ ಬಿಟ್ಟರೆ ಅತಿ ಹೆಚ್ಚು ಇರುವ ಪ್ರೋಟೀನುಗಳ ಸಾಲಿನಲ್ಲಿ ಅದೂ ಒಂದು. ಅದು ಮತ್ತೆ ಸಜ್ಜಾಗಲು ಬೇಕಾದದ್ದೂ ಕೊನೆಗೆ ಎನ್‌ಎಡಿಪಿಎಚ್ಚೇ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಪೆರಾಕ್ಸೈಡ್ ಒಡೆಯುವುದು ಒಂದು ಕೆಲಸ, ಆದ ಹಾನಿಯನ್ನು ತಿದ್ದುವುದು ಬೇರೆಯೇ ಕೆಲಸ. ಪ್ರೋಟೀನುಗಳ ಗಂಧಕದ ತುದಿಗಳು ಒಂದಕ್ಕೊಂದು ಅಂಟಿಕೊಂಡರೆ ಬಿಡಿಸಬೇಕಾದದ್ದು ಗ್ಲುಟಥಯೋನ್ ವ್ಯವಸ್ಥೆ, ಕೆಟಲೇಸಿಗೆ ಅದು ಬಾರದು. ಬಿಡಿಸದೆ ಹೋದರೆ ಹಿಮೋಗ್ಲೋಬಿನ್ ಮುದ್ದೆಗಟ್ಟಿ ಪೊರೆಯ ಒಳಬದಿಗೆ ಅಂಟುತ್ತದೆ. 1890ರಲ್ಲಿ ರಾಬರ್ಟ್ ಹೈನ್ಸ್ ಇವುಗಳನ್ನು ವಿವರಿಸಿದ್ದರಿಂದ ಹೈನ್ಸ್ ಕಾಯಗಳು ಎಂದೇ ಹೆಸರು. ಗುಲ್ಮದ ಮೂಲಕ ಹಾಯುವಾಗ ಆ ಮುದ್ದೆಯಿರುವ ಭಾಗವನ್ನು ಅಲ್ಲಿನ ಕೋಶಗಳು ಕಿತ್ತು ತೆಗೆಯುತ್ತವೆ. ಸೂಕ್ಷ್ಮದರ್ಶಕದಲ್ಲಿ ಅಂಚು ಕಚ್ಚಿದಂತೆ ಕಾಣುವ ಕಣಗಳು ಅವೇ.

ಪ್ರಕೃತಿಯೇ ಮಾಡಿಟ್ಟ ಒಂದು ಪ್ರಯೋಗವೂ ಇದೆ. 1940ರ ದಶಕದಲ್ಲಿ ಜಪಾನಿನ ಕಿವಿ-ಮೂಗು-ಗಂಟಲು ವೈದ್ಯ ಶಿಗೆಓ ತಕಹಾರ ಬಾಲಕಿಯೊಬ್ಬಳ ಬಾಯಿಯ ಹುಣ್ಣಿಗೆ ಹೈಡ್ರೋಜನ್ ಪೆರಾಕ್ಸೈಡ್ ಸುರಿದಾಗ ನೊರೆಯೇ ಬರಲಿಲ್ಲ, ರಕ್ತ ಕಂದುಗಪ್ಪಾಯಿತು. ಅವಳ ರಕ್ತದಲ್ಲಿ ಕೆಟಲೇಸ್ ಇರಲಿಲ್ಲ. ಅಂಥವರಿಗೆ ಒಸಡಿನ ಹುಣ್ಣು ಕಾಡಬಹುದು, ಆದರೆ ಕೆಂಪು ಕಣಗಳು ರಾಶಿರಾಶಿಯಾಗಿ ಒಡೆಯುವುದಿಲ್ಲ. ಇನ್ನೊಂದು ಕಡೆ ಜಿ6ಪಿಡಿ ಕಡಿಮೆಯಿದ್ದವರಿಗೆ ತಪ್ಪು ಮಾತ್ರೆಯೊಂದು ಸಾಕು, ಎರಡು-ಮೂರು ದಿನಗಳಲ್ಲಿ ಮೂತ್ರ ಕೋಲಾ ಬಣ್ಣಕ್ಕೆ ತಿರುಗುತ್ತದೆ. ಯಾವ ಕೊಂಡಿ ಮುಖ್ಯ ಎನ್ನುವುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ಇನ್ನೊಂದು ಸೊಗಸು ಹೇಳಿಬಿಡುತ್ತೇನೆ. ಸಾಮಾನ್ಯ ದಿನಗಳಲ್ಲಿ ಕೆಂಪು ಕಣ ತನ್ನ ಗ್ಲುಕೋಸಿನ ಸುಮಾರು ಹತ್ತನೇ ಒಂದು ಪಾಲನ್ನು ಮಾತ್ರ ಈ ಎನ್‌ಎಡಿಪಿಎಚ್ ದಾರಿಗೆ ಕಳಿಸುತ್ತದೆ, ಉಳಿದದ್ದು ಶಕ್ತಿಗೆ. ಪೆರಾಕ್ಸೈಡ್ ಏರಿದಾಗ ಎನ್‌ಎಡಿಪಿಎಚ್ ಖರ್ಚಾಗಿ, ಜಿ6ಪಿಡಿಗೆ ಇದ್ದ ತಡೆ ತಾನಾಗಿಯೇ ಸಡಿಲಗೊಳ್ಳುತ್ತದೆ. ಶಕ್ತಿಯ ದಾರಿಯಲ್ಲಿರುವ ಒಂದು ಕಿಣ್ವವೂ ಪೆರಾಕ್ಸೈಡ್ ತಗುಲಿ ತಾತ್ಕಾಲಿಕವಾಗಿ ನಿಲ್ಲುವುದರಿಂದ ಸಕ್ಕರೆ ಈಚೆ ದಾರಿಗೆ ತಿರುಗುತ್ತದೆ. ಆಜ್ಞೆ ಕೊಡುವ ಕೋಶಕೇಂದ್ರವಿಲ್ಲದೆ, ಬರೀ ರಸಾಯನದ ಬಲದಿಂದ, ಕ್ಷಣಗಳಲ್ಲಿ.

ನೆಲ್ಲಿಮರ:
ಇಷ್ಟೆಲ್ಲ ಸರಿ ಮೇಷ್ಟ್ರೇ, ಆದರೆ ವಿಟಮಿನ್ ಸಿ ಬೇಡ ಎಂದದ್ದು ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮ ಅಜ್ಜಿ ವರ್ಷವಿಡೀ ನೆಲ್ಲಿಕಾಯಿ ತಿಂದವರು. ಆಂಟಿಆಕ್ಸಿಡೆಂಟ್ ಎಂದರೆ ಎಲೆಕ್ಟ್ರಾನ್ ಕೊಡುವ ವಸ್ತು ಎಂದು ನೀವೇ ಹೇಳಿದ ಹಾಗಾಯಿತು. ಗ್ಲುಟಥಯೋನ್ ಕೊಡಲಾರದ್ದನ್ನು ಹೊರಗಿನಿಂದ ಕೊಟ್ಟರೆ ತಪ್ಪೇನು?

ಕಿಣ್ವದ ಮೇಷ್ಟ್ರು:
ನೆಲ್ಲಿಕಾಯಿಯನ್ನು ಯಾರೂ ಬೇಡವೆನ್ನುತ್ತಿಲ್ಲ. ಊಟದಲ್ಲಿ ಬರುವ ವಿಟಮಿನ್ ಸಿ ಬೇರೆ, ಗ್ರಾಂಗಟ್ಟಲೆ ಮಾತ್ರೆ ಬೇರೆ, ಸಿರೆಗೆ ಏರಿಸುವ ಭಾರಿ ಪ್ರಮಾಣ ಇನ್ನೂ ಬೇರೆ.

ವಿಟಮಿನ್ ಸಿ ಎಲೆಕ್ಟ್ರಾನ್ ಕೊಡುತ್ತದೆ, ನಿಜ. ಯಾರಿಗೆ ಕೊಡುತ್ತದೆ ಎಂಬುದೇ ಪ್ರಶ್ನೆ. ಕಬ್ಬಿಣ, ತಾಮ್ರದ ಸಹವಾಸದಲ್ಲಿ ಅದು ಆಮ್ಲಜನಕಕ್ಕೇ ಕೊಟ್ಟು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಮೇಲಾಗಿ, ಕೊಟ್ಟು ಖಾಲಿಯಾದ ವಿಟಮಿನ್ ಸಿಯನ್ನು ಕೆಂಪು ಕಣದೊಳಗೆ ಮತ್ತೆ ತುಂಬುವುದು ಗ್ಲುಟಥಯೋನ್. ಅಂದರೆ ಆ ಮಾತ್ರೆಯ ಖರ್ಚು ಬಂದು ಬೀಳುವುದು ಅದೇ ಬಡ ಎನ್‌ಎಡಿಪಿಎಚ್ ಮೇಲೆ. ಅತಿ ಹೆಚ್ಚು ಪ್ರಮಾಣದ ವಿಟಮಿನ್ ಸಿಯಿಂದ ಜಿ6ಪಿಡಿ ಕೊರತೆಯಿರುವವರ ರಕ್ತಕಣಗಳು ಒಡೆದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಸಿರೆಯ ಮೂಲಕ ಅದನ್ನು ಕೊಡುವ ಮೊದಲು ಈ ಕಿಣ್ವವನ್ನು ಪರೀಕ್ಷಿಸಬೇಕೆನ್ನುವುದು ಅದಕ್ಕಾಗಿಯೇ.

ಇದು ಈ ಕೊರತೆಗಷ್ಟೇ ಸೀಮಿತವಾದ ಮಾತಲ್ಲ. ಜೀವಕೋಶದ ರಕ್ಷಣೆ ಎಂದರೆ ಡಬ್ಬಿಯಲ್ಲಿ ತುಂಬಿಡುವ ಪದಾರ್ಥವಲ್ಲ, ಸಕ್ಕರೆ ಸುಟ್ಟು ಕ್ಷಣಕ್ಷಣಕ್ಕೂ ನಡೆಸುವ ಕೆಲಸ. ಕೋಶಕೇಂದ್ರ ಇರುವ ಜೀವಕೋಶಗಳಲ್ಲಿ ಎನ್‌ಆರ್‌ಎಫ್2 ಎಂಬ ಪ್ರೋಟೀನ್ ಇದೆ. ನೆಮ್ಮದಿಯ ಹೊತ್ತಿನಲ್ಲಿ ಕೀಪ್1 ಎಂಬ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದು, ಹುಟ್ಟಿದ ಅರ್ಧ ಗಂಟೆಯೊಳಗೆ ಅಳಿಯುವಂತೆ ಮಾಡುತ್ತಿರುತ್ತದೆ. ಪೆರಾಕ್ಸೈಡೋ ಇನ್ನಾವುದೋ ಚುರುಕು ರಾಸಾಯನಿಕವೋ ಕೀಪ್1ರ ಗಂಧಕದ ತುದಿಗಳಿಗೆ ತಗುಲಿದರೆ ಹಿಡಿತ ತಪ್ಪುತ್ತದೆ. ಎನ್‌ಆರ್‌ಎಫ್2 ಕೋಶಕೇಂದ್ರಕ್ಕೆ ಹೋಗಿ ಗ್ಲುಟಥಯೋನ್ ತಯಾರಿಸುವ ಕಿಣ್ವಗಳಿಂದ ಹಿಡಿದು ಜಿ6ಪಿಡಿಯವರೆಗೆ ಹತ್ತಾರು ವಂಶವಾಹಿಗಳನ್ನು ಎಬ್ಬಿಸುತ್ತದೆ. ಸ್ವಲ್ಪ ಒತ್ತಡ ಬೀಳದಿದ್ದರೆ ಇದು ಏಳುವುದೇ ಇಲ್ಲ. 2009ರಲ್ಲಿ ಜರ್ಮನಿಯಲ್ಲಿ ನಡೆದ ಅಧ್ಯಯನವೊಂದರಲ್ಲಿ ವ್ಯಾಯಾಮದ ಜೊತೆಗೆ ದಿನಕ್ಕೆ 1000 ಮಿಲಿಗ್ರಾಂ ವಿಟಮಿನ್ ಸಿ ಮತ್ತು ವಿಟಮಿನ್ ಇ ನುಂಗಿದ ಯುವಕರಲ್ಲಿ, ವ್ಯಾಯಾಮದಿಂದ ಸಿಗಬೇಕಾಗಿದ್ದ ಇನ್ಸುಲಿನ್ ಸ್ಪಂದನೆಯ ಸುಧಾರಣೆಯೇ ಕಾಣಲಿಲ್ಲ.

ಫಿನ್‌ಲೆಂಡಿನ ಕಥೆ ಇನ್ನೂ ಕಹಿ. ಧೂಮಪಾನ ಮಾಡುವ 29,133 ಗಂಡಸರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೀಟಾ ಕ್ಯಾರೋಟಿನ್ ಎಂಬ ಆಂಟಿಆಕ್ಸಿಡೆಂಟ್ ಪಡೆದವರಿಗೆ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚು ಬಂತು. ಕಡಿಮೆಯಾಗಲಿ ಎಂದು ಕೊಟ್ಟದ್ದು! ಹಾಗಿದ್ದೂ ಔಷಧಿ ಅಂಗಡಿಯ ಕಪಾಟಿನಲ್ಲಿ ಆಂಟಿಆಕ್ಸಿಡೆಂಟ್ ಎಂಬ ಪದ ಇನ್ನೂ ಚಿನ್ನದ ಅಕ್ಷರಗಳಲ್ಲಿ ಮೆರೆಯುತ್ತಿದೆ.

ಮಾಗಡಿ ಸೊಗಡು:
ನಾನು ಕೇಳಬೇಕಾದದ್ದು ಒಂದೇ. ಈ ಕೊರತೆಯಿದ್ದವರು ಅವರೆಕಾಳು ತಿನ್ನಬಾರದು ಎಂಬ ಸಂದೇಶ ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಹರಿದಾಡುತ್ತಿದೆ. ಚಳಿಗಾಲ ಬಂತು, ಹಿತಕಿದ ಬೇಳೆ ಸಾರಿನ ಕಾಲ. ದಯವಿಟ್ಟು ಯಾರಾದರೂ ಸತ್ಯ ಹೇಳಿ.

ಕಡಲಾಚೆಯ ಕನ್ನಡತಿ:
ನೆಮ್ಮದಿಯಾಗಿ ತಿನ್ನಿ. ನಾನಿರುವುದು ಇಟಲಿಯಲ್ಲಿ. ಇಲ್ಲಿ ವಸಂತದಲ್ಲಿ ಫಾವಾ ಎಂಬ ದಪ್ಪ ಹಸಿರು ಕಾಯಿ ಬರುತ್ತದೆ. ಬಿಡಿಯಾಗಿ ಮಾರುವ ಅಂಗಡಿಗಳಲ್ಲಿ ‘ಇಲ್ಲಿ ಫಾವಾ ಇದೆ’ ಎಂಬ ಎಚ್ಚರಿಕೆಯ ಫಲಕ ನೇತುಹಾಕಿರುತ್ತಾರೆ. ಮೊದಲ ಸಲ ನೋಡಿದಾಗ ತರಕಾರಿಗೂ ಎಚ್ಚರಿಕೆಯೇ ಎಂದು ನಕ್ಕಿದ್ದೆ. ತೊಂದರೆ ಕೊಡುವುದು ಈ ಫಾವಾ, ಅಂದರೆ ವಿಸಿಯಾ ಫಾಬಾ. ಅದರಲ್ಲಿ ವಿಸೀನ್, ಕಾನ್‌ವಿಸೀನ್ ಎಂಬ ಎರಡು ವಸ್ತುಗಳಿವೆ. ಕರುಳಿನಲ್ಲಿ ಒಡೆದಾಗ ಅವುಗಳಿಂದ ಬರುವ ಚೂರುಗಳು ರಕ್ತಕಣದೊಳಗಿನ ಗ್ಲುಟಥಯೋನನ್ನು ಬರಿದು ಮಾಡುತ್ತವೆ. ನಮ್ಮ ಅವರೆ ಲ್ಯಾಬ್‌ಲ್ಯಾಬ್ ಎಂಬ ಬೇರೆಯೇ ಕುಲದ ಗಿಡ. ಇಂಗ್ಲಿಷ್ ಪಟ್ಟಿಗಳಲ್ಲಿ ಫಾವಾಕ್ಕೆ ಬರೀ ‘ಬೀನ್ಸ್’ ಎಂದು ಬರೆದದ್ದನ್ನು ಯಾರೋ ಅವರೆಗೆ ಅಂಟಿಸಿರಬೇಕು. ಉತ್ತರ ಭಾರತದ ಕೆಲವೆಡೆ ಬಾಕ್ಲಾ ಎಂದು ಬೆಳೆಯುವುದು ಮಾತ್ರ ಫಾವಾವೇ. ಆ ಕಡೆ ಹೋದಾಗ ನೋಡಿಕೊಳ್ಳಿ.

ರಕ್ತದ ಗಾಜುಪಟ್ಟಿ:
ಹುಬ್ಬಳ್ಳಿಯಲ್ಲಿ ಪ್ರಯೋಗಾಲಯದ ಕೆಲಸ ಮಾಡುತ್ತೇನೆ. ಅವರೆಯ ಬಗ್ಗೆ ಇಷ್ಟು ಹೆದರುವ ಜನ ಬೀರುವಿನೊಳಗೆ ಇರುವುದನ್ನು ಮರೆಯುತ್ತಾರೆ. ಬಟ್ಟೆಗಳ ನಡುವೆ ಇಡುವ ನ್ಯಾಫ್ತಲಿನ್‌ನ ಬಿಳಿ ಗುಳಿಗೆ, ನಮ್ಮಲ್ಲಿ ಹಲವರು ಡಾಂಬರು ಗುಳಿಗೆ ಎನ್ನುವುದು, ಈ ಕೊರತೆಯಿರುವ ಮಗುವಿಗೆ ನಿಜವಾದ ಅಪಾಯ. ಹಾಗೆ ಇಟ್ಟ ಬಟ್ಟೆ, ಕಂಬಳಿಗಳನ್ನು ತೆಗೆದು ಎಳೆಗೂಸಿಗೆ ಸುತ್ತುವ ಮೊದಲು ಒಗೆದು ಬಿಸಿಲಿಗೆ ಹಾಕುವುದು ಸಾಲದು, ಆ ಗುಳಿಗೆ ಮನೆಯಲ್ಲೇ ಇರಬಾರದು. ಮದರಂಗಿಯೂ ಅಷ್ಟೇ. ಅದಕ್ಕೆ ಬಣ್ಣ ಕೊಡುವ ಲಾಸೋನ್ ಚರ್ಮದ ಮೂಲಕ ಒಳಗಿಳಿಯುತ್ತದೆ. ಶಿಶುಗಳ ಮೈಗೆ ಹೆಚ್ಚಾಗಿ ಹಚ್ಚಿದಾಗ ರಕ್ತಕಣ ಒಡೆದದ್ದು ವರದಿಯಾಗಿದೆ.

ಔಷಧಿಗಳಲ್ಲಿ ಪ್ರೈಮಾಕ್ವಿನ್, ಡ್ಯಾಪ್ಸೋನ್, ರಾಸ್‌ಬುರಿಕೇಸ್ ನೆನಪಿಡಿ. ಮೆಥಿಲೀನ್ ಬ್ಲೂ ಕೂಡ. ಅದನ್ನು ಮೆಟ್‌ಹಿಮೋಗ್ಲೋಬಿನ್ ಇಳಿಸಲು ಕೊಡುತ್ತಾರೆ, ಆದರೆ ಅದು ಕೆಲಸ ಮಾಡುವುದೇ ಎನ್‌ಎಡಿಪಿಎಚ್ ಬಲದಿಂದ. ಅದಿಲ್ಲದವರಿಗೆ ಕೊಟ್ಟರೆ ಮದ್ದೇ ವಿಷವಾಗುತ್ತದೆ.

ಇನ್ನೊಂದು, ನಮ್ಮ ಬೆಂಚಿನ ಮಾತು. ರಕ್ತಕಣ ಒಡೆದ ತಕ್ಷಣ ಈ ಪರೀಕ್ಷೆ ಮಾಡಿದರೆ ವರದಿ ಸರಿಯಾಗಿಯೇ ಇರುವಂತೆ ಬರಬಹುದು. ಮುದಿ ಕಣಗಳು ಸತ್ತು, ಮಜ್ಜೆಯಿಂದ ಆಗಷ್ಟೇ ಬಂದ ಎಳೆ ಕಣಗಳು ತುಂಬಿರುತ್ತವೆ. ಎಳೆ ಕಣದಲ್ಲಿ ಕಿಣ್ವ ಹೆಚ್ಚು. ಅಂಥವರನ್ನು ಕೆಲವು ತಿಂಗಳ ನಂತರ ಮತ್ತೆ ಪರೀಕ್ಷಿಸಬೇಕು.

ಹಳೆಯ ಕಡತ:
ಈ ಎಳೆ ಕಣ, ಮುದಿ ಕಣದ ವಿಷಯ ತಿಳಿದದ್ದು ಹೇಗೆ ಎಂಬುದನ್ನೂ ಇಲ್ಲಿ ದಾಖಲಿಸಬೇಕು. ಅಮೆರಿಕದ ಇಲಿನಾಯ್ ರಾಜ್ಯದ ಸ್ಟೇಟ್‌ವಿಲ್ ಸೆರೆಮನೆಯಲ್ಲಿ ಎರಡನೆಯ ಮಹಾಯುದ್ಧದ ಕಾಲದಿಂದ ಕೈದಿಗಳಿಗೆ ಬೇಕೆಂದೇ ಮಲೇರಿಯಾ ತಗುಲಿಸಿ ಔಷಧಿಗಳನ್ನು ಪರೀಕ್ಷಿಸಲಾಗುತ್ತಿತ್ತು. ಪ್ರೈಮಾಕ್ವಿನ್ ಕೊಟ್ಟಾಗ ಕೆಲವರಲ್ಲಿ, ಹೆಚ್ಚಾಗಿ ಕಪ್ಪು ಕೈದಿಗಳಲ್ಲಿ, ರಕ್ತ ಒಡೆಯುತ್ತಿತ್ತು. ದೋಷ ಕಣದಲ್ಲೋ, ದೇಹದಲ್ಲೋ? 1954ರಲ್ಲಿ ಅಂಥವರ ರಕ್ತಕಣಗಳಿಗೆ ವಿಕಿರಣಶೀಲ ಕ್ರೋಮಿಯಂ ಗುರುತು ಹಾಕಿ ಬೇರೆಯವರ ದೇಹಕ್ಕೆ ಏರಿಸಿದರು, ಅವರಿಗೆ ಪ್ರೈಮಾಕ್ವಿನ್ ಕೊಟ್ಟರು. ಗುರುತಿನ ಕಣಗಳು ಮಾತ್ರ ನಾಶವಾದವು. ದೋಷ ಕಣದೊಳಗೇ ಇತ್ತು. ಔಷಧಿ ಮುಂದುವರಿಸಿದರೆ ಒಂದು ಹಂತದಲ್ಲಿ ಒಡೆತ ನಿಲ್ಲುತ್ತದೆ, ಏಕೆಂದರೆ ಮುದಿ ಕಣಗಳು ಮುಗಿದಿರುತ್ತವೆ ಎಂಬುದೂ ಅಲ್ಲೇ ತಿಳಿಯಿತು. 1956ರಲ್ಲಿ ಪಾಲ್ ಕಾರ್ಸನ್, ಆಲ್ಫ್ ಆಲ್ವಿಂಗ್ ಮತ್ತು ಸಂಗಡಿಗರು ಕೊರತೆಯಿರುವುದು ಜಿ6ಪಿಡಿಯದು ಎಂದು ಪ್ರಕಟಿಸಿದರು.

ವಿಜ್ಞಾನ ಚೊಕ್ಕ, ವಿಧಾನ ಹೊಲಸು. ನ್ಯೂರೆಂಬರ್ಗ್ ವಿಚಾರಣೆಯಲ್ಲಿ ನಾಜಿ ವೈದ್ಯರ ಪರ ವಾದಿಸಿದವರು ‘ನೀವೂ ಕೈದಿಗಳ ಮೇಲೆ ಪ್ರಯೋಗ ಮಾಡಿದ್ದೀರಲ್ಲ’ ಎಂದು ಬೊಟ್ಟು ಮಾಡಿದ್ದು ಇಂಥ ಪ್ರಯೋಗಗಳ ಕಡೆಗೇ. ಪಠ್ಯಗಳಲ್ಲಿ 1956 ಎಂದಷ್ಟೇ ಓದಿ ಮುಂದೆ ಹೋಗುವುದು ನನಗೆ ಸರಿಕಾಣುವುದಿಲ್ಲ.

ನೇತ್ರಾವತಿ ದಡ:
ಎಲ್ಲರಿಗೂ ಧನ್ಯವಾದ. ಚಿಕ್ಕಪ್ಪನವರಿಗೆ ಪೂರ್ತಿ ಓದಿ ಹೇಳಿದೆ, ಗೊಣಗಿದರೂ ಮಾತ್ರೆ ಎತ್ತಿಟ್ಟರು. ಎರಡು ಪ್ರಶ್ನೆ ಉಳಿದಿವೆ. ಇಷ್ಟು ಅಪಾಯದ ದೋಷ ಇಷ್ಟೊಂದು ಜನರಲ್ಲಿ ಉಳಿದುಕೊಂಡದ್ದು ಹೇಗೆ? ಮತ್ತು ಪ್ರೈಮಾಕ್ವಿನ್ ಇಲ್ಲದೆ ತಮ್ಮನ ಯಕೃತ್ತಿನಲ್ಲಿ ಅಡಗಿರುವ ಮಲೇರಿಯಾ ಹೋಗುವುದು ಹೇಗೆ?

ಕಿಣ್ವದ ಮೇಷ್ಟ್ರು:
ಜಗತ್ತಿನಲ್ಲಿ ಸುಮಾರು 40 ಕೋಟಿ ಜನರಿಗೆ ಈ ಕೊರತೆ ಇದೆ. ಇದು ಇರುವ ನಾಡುಗಳ ನಕ್ಷೆಯನ್ನು ಹಳೆಯ ಮಲೇರಿಯಾ ನಕ್ಷೆಯ ಮೇಲಿಟ್ಟರೆ ಹೆಚ್ಚುಕಡಿಮೆ ಕೂಡಿಕೊಳ್ಳುತ್ತವೆ. ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ, ಮಲೇರಿಯಾ ಕಾಡಿದ ತಗ್ಗಿನ ಹಳ್ಳಿಗಳಲ್ಲಿ ಕೊರತೆ ಹೆಚ್ಚು, ಸೊಳ್ಳೆ ಕಡಿಮೆಯಿದ್ದ ಬೆಟ್ಟದ ಹಳ್ಳಿಗಳಲ್ಲಿ ಕಡಿಮೆ ಎಂದು 1960ರ ಸುಮಾರಿಗೇ ತೋರಿಸಿದರು. ನಮ್ಮ ದೇಶದಲ್ಲಿ ಪಾರ್ಸಿಗಳಲ್ಲೂ ಹಲವು ಬುಡಕಟ್ಟುಗಳಲ್ಲೂ ಇದು ಹೆಚ್ಚು. ಮೆಡಿಟರೇನಿಯನ್, ಕೇರಳ-ಕಲ್ಯಾಣ್, ಒರಿಸ್ಸಾ ಎಂಬವು ಇಲ್ಲಿ ಕಾಣುವ ಮುಖ್ಯ ಬಗೆಗಳು.

ಕಾರಣವೂ ಉತ್ಕರ್ಷಣವೇ. ಮಲೇರಿಯಾ ಪರಾವಲಂಬಿ ಕೆಂಪು ಕಣದೊಳಗೆ ಕುಳಿತು ಹಿಮೋಗ್ಲೋಬಿನ್ ತಿನ್ನುತ್ತದೆ. ಆಗ ಕಬ್ಬಿಣದ ಹೀಮ್ ಬಿಡುಗಡೆಯಾಗಿ ಸೂಪರ್‌ಆಕ್ಸೈಡ್, ಪೆರಾಕ್ಸೈಡ್ ಏರುತ್ತವೆ. ರಕ್ಷಣೆ ದುರ್ಬಲವಾದ ಕಣ ಆ ಹೊರೆಯನ್ನು ತಾಳದೆ ಬೇಗ ಹಾಳಾದಂತೆ ಕಂಡು, ಪರಾವಲಂಬಿ ಬಲಿಯುವ ಮೊದಲೇ ಭಕ್ಷಕ ಕೋಶಗಳಿಗೆ ಆಹಾರವಾಗುತ್ತದೆ ಎಂಬುದು ಈಗಿರುವ ಬಲವಾದ ವಿವರಣೆ. ಆರ್ಟಿಮಿಸಿನಿನ್ ಔಷಧಿ ಮಾಡುವುದೂ ಒಂದು ರೀತಿಯಲ್ಲಿ ಇದನ್ನೇ. ಅದರಲ್ಲಿರುವ ಪೆರಾಕ್ಸೈಡ್ ಸೇತುವೆಯನ್ನು ಪರಾವಲಂಬಿ ತಾನೇ ಬಿಡಿಸಿಟ್ಟ ಹೀಮ್ ಮುರಿಯುತ್ತದೆ, ಹುಟ್ಟಿದ ರ‍್ಯಾಡಿಕಲ್‌ಗಳು ಪರಾವಲಂಬಿಯನ್ನು ಸುಡುತ್ತವೆ.

ಔಷಧಿಯ ಮಾತು ನಿಮ್ಮ ವೈದ್ಯರದು. ತಿಳಿದುಕೊಳ್ಳಲು ಮಾತ್ರ ಹೇಳುತ್ತೇನೆ. ಸಾಮಾನ್ಯ ಕ್ರಮ ತೂಕದ ಪ್ರತಿ ಕೆ.ಜಿ.ಗೆ 0.25 ಮಿಲಿಗ್ರಾಂನಂತೆ 14 ದಿನ ಪ್ರೈಮಾಕ್ವಿನ್. ಕೊರತೆಯಿರುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಇನ್ನೊಂದು ಕ್ರಮವಿದೆ: ವೈದ್ಯರ ಕಣ್ಗಾವಲಿನಲ್ಲಿ, ವಾರಕ್ಕೊಮ್ಮೆ ಪ್ರತಿ ಕೆ.ಜಿ.ಗೆ 0.75 ಮಿಲಿಗ್ರಾಂ, 8 ವಾರ. ವಾರಕ್ಕೊಮ್ಮೆ ಬೀಳುವ ಪೆಟ್ಟಿನಿಂದ ಸ್ವಲ್ಪ ಮುದಿ ಕಣಗಳು ಹೋಗುತ್ತವೆ, ಮುಂದಿನ ಪೆಟ್ಟಿನೊಳಗೆ ಮಜ್ಜೆ ಎಳೆಯವನ್ನು ತುಂಬಿಕೊಡುತ್ತದೆ. ಮೇಲೆ ಹಳೆಯ ಕಡತದವರು ಹೇಳಿದ ಸೆರೆಮನೆಯ ಲೆಕ್ಕವೇ ಇದು. ಒಂದೇ ಸಲದ ಡೋಸಿನಲ್ಲಿ ಮುಗಿಯುವ ಟಾಫೆನೋಕ್ವಿನ್ 2018ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಆದರೆ ಅದು ವಾರಗಟ್ಟಲೆ ದೇಹದಲ್ಲಿ ಉಳಿಯುತ್ತದೆ, ಎಡವಟ್ಟಾದರೆ ನಿಲ್ಲಿಸಲು ಸಾಧ್ಯವಿಲ್ಲ. ಈ ಕೊರತೆಯಿರುವವರಿಗೆ ಅದು ಸಲ್ಲದು.

ನೇತ್ರಾವತಿ ದಡ:
ಇದು ಎಕ್ಸ್ ವರ್ಣತಂತುವಿನಲ್ಲಿದೆ ಎಂದು ವರದಿಯ ಜೊತೆ ಬರೆದಿತ್ತು. ಹಾಗಾದರೆ ತಮ್ಮನಿಗೆ ಬಂದದ್ದು ಅಮ್ಮನಿಂದ. ನಾನೂ ಪರೀಕ್ಷೆ ಮಾಡಿಸಬೇಕೇ? ನನಗೆ ಈಗ ಐದು ತಿಂಗಳು.

ರಕ್ತದ ಗಾಜುಪಟ್ಟಿ:
ಮಾಡಿಸಿ ಮೇಡಂ, ಅದೂ ಅಂಕಿ ಕೊಡುವ ಪ್ರಮಾಣ ಪರೀಕ್ಷೆಯನ್ನು. ಇದೆ ಅಥವಾ ಇಲ್ಲ ಎಂದಷ್ಟೇ ಹೇಳುವ ಹೊಳಪುಚುಕ್ಕೆ ಪರೀಕ್ಷೆ ಗಂಡಸರಿಗೆ ಸಾಕಾಗುತ್ತದೆ, ಹೆಂಗಸರಲ್ಲಿ ಹಲವರನ್ನು ತಪ್ಪಿಸಿಬಿಡುತ್ತದೆ. ಹೆಂಗಸರ ಪ್ರತಿ ಜೀವಕೋಶದಲ್ಲೂ ಎರಡು ಎಕ್ಸ್‌ಗಳಲ್ಲಿ ಒಂದು ಮಲಗಿರುತ್ತದೆ. ಹಾಗಾಗಿ ದೋಷವಿರುವ ವಂಶವಾಹಿ ಒಂದೇ ಇದ್ದರೆ ಅವರ ರಕ್ತದಲ್ಲಿ ಕಿಣ್ವ ತುಂಬಿದ ಕಣ ಮತ್ತು ಕಿಣ್ವವಿಲ್ಲದ ಕಣ ಎರಡೂ ಬೆರೆತಿರುತ್ತವೆ. 1962ರಲ್ಲಿ ಅರ್ನೆಸ್ಟ್ ಬ್ಯೂಟ್ಲರ್ ಮತ್ತು ಸಂಗಡಿಗರು ಎಕ್ಸ್ ಮಲಗುವುದನ್ನು ಮನುಷ್ಯರಲ್ಲಿ ತೋರಿಸಿದ್ದೇ ಈ ಕಿಣ್ವದಿಂದ. ಬೆರಕೆ ಅರ್ಧರ್ಧವೇ ಇರಬೇಕೆಂದಿಲ್ಲ, ಅದಕ್ಕೇ ಅಂಕಿ ಬೇಕು ಎಂದದ್ದು.

ವರದಿ ಏನೇ ಬರಲಿ, ತಮ್ಮನ ವಿಷಯವನ್ನು ಹೆರಿಗೆಗೆ ಮೊದಲೇ ಮಕ್ಕಳ ವೈದ್ಯರಿಗೆ ತಿಳಿಸಿಡಿ. ಈ ಕೊರತೆಯಿರುವ ನವಜಾತ ಶಿಶುಗಳಿಗೆ ಕಾಮಾಲೆ ಜೋರಾಗಿ ಏರಬಹುದು, ಮೊದಲೇ ಗೊತ್ತಿದ್ದರೆ ಬಿಲಿರುಬಿನ್ ನೋಡಿಕೊಂಡು ಹೊತ್ತಿಗೆ ಸರಿಯಾಗಿ ನೀಲಿ ಬೆಳಕಿನಡಿ ಮಲಗಿಸುತ್ತಾರೆ. ಬಾಣಂತನದ ಬಟ್ಟೆಬರೆ ತೆಗೆದಿಡುವ ಪೆಟ್ಟಿಗೆಯಲ್ಲಿ ಬಿಳಿ ಗುಳಿಗೆ ಇದ್ದರೆ ಇವತ್ತೇ ತೆಗೆಸಿ.